ಲಿನಕ್ಸ್‌ನಲ್ಲಿ ಆಕ್ಸೆಸ್ ತರಹದ್ದು ಏನಾದರೂ ಇದೆಯಾ? ಸಂಘದ ಲೆಕ್ಕ ನಿಂತಿದೆ

ಘಟ್ಟದಂಚು (ಶಿರಸಿ)
ನಮ್ಮದು ಶಿರಸಿ ಹತ್ತಿರದ ಒಂದು ಸಣ್ಣ ಸಂಘ. ಸದಸ್ಯರು ಆರು ನೂರು ಚಿಲ್ಲರೆ. ಅಡಿಕೆ ತರುತ್ತಾರೆ, ತೂಗುತ್ತೇವೆ, ಲಾಟ್ ನಂಬರ್ ಹಚ್ಚುತ್ತೇವೆ, ಚೀಟಿ ಕೊಡುತ್ತೇವೆ, ಮಾರಿದ ಮೇಲೆ ಖಾತೆಗೆ ಜಮಾ ಮಾಡುತ್ತೇವೆ. ಇಪ್ಪತ್ತು ವರ್ಷದಿಂದ ಇದೆಲ್ಲ ಒಂದೇ ಆಕ್ಸೆಸ್ (ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್) ಫೈಲಿನಲ್ಲಿ ನಡೆದಿದೆ. ಮಾಡಿಕೊಟ್ಟವ ಊರಿನ ಹುಡುಗನೇ, ಪ್ರೋಗ್ರಾಮರ್ ಅಲ್ಲ, ಬಿಕಾಂ ಓದಿದವ. ಈಗ ಬೆಂಗಳೂರಲ್ಲಿದ್ದಾನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಕಂಪ್ಯೂಟರಿಗೆ 11 ಹತ್ತುವುದಿಲ್ಲ. ಹೊಸದು ತರೋಣ ಅಂದರೆ ಕಮಿಟಿಯವರು "ಇದು ನಡೀತಾ ಇದೆಯಲ್ಲ" ಅಂತಾರೆ. ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಬ್ರೌಸರ್, ಪತ್ರ, ಪ್ರಿಂಟರ್ ಎಲ್ಲ ಸರಿ ಇದೆ. ಲೆಕ್ಕದ ಫೈಲ್ ಒಂದೇ ಬಾಕಿ.

ನನಗೆ ಬೇಕಾದದ್ದು ಇಷ್ಟೇ. ಮೇಲೆ ಸದಸ್ಯರ ನಂಬರ್ ಹೊಡೆದರೆ ಹೆಸರು, ಊರು, ಹಳೆ ಬಾಕಿ ಕಾಣಬೇಕು. ಕೆಳಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಒಂದೊಂದು ಬಗೆಗೆ ಒಂದೊಂದು ಸಾಲು: ಎಷ್ಟು ಚೀಲ, ಎಷ್ಟು ತೂಕ. ಕೊನೆಯಲ್ಲಿ ಒಟ್ಟು. ಬದಿಗೆ ಪ್ರಿಂಟ್ ಗುಂಡಿ. ಡೇಟಾಬೇಸ್ ಯಾವುದು ಒಳ್ಳೆಯದು ಅಂತ ಕೇಳುತ್ತಿಲ್ಲ, ಅವು ಬೇಕಾದಷ್ಟಿವೆ. ಅದರ ಮೇಲೆ ಇಂಥ ಒಂದು ಪರದೆಯನ್ನು ನನ್ನಂಥವನು ಮೌಸ್ ಹಿಡಿದು ಕಟ್ಟಿಕೊಳ್ಳಲು ಏನಿದೆ?

ಚಾಲಿಚೀಲ (ಸಿದ್ದಾಪುರ)
ಎಕ್ಸೆಲ್ ತರಹದ್ದು ಸಾಕಲ್ವಾ? ಲಿಬ್ರೆಆಫೀಸ್ ಕ್ಯಾಲ್ಕ್ ಪುಕ್ಕಟೆ ಇದೆ. ಸುಮ್ನೆ ಯಾಕೆ ತಲೆಬಿಸಿ.

ತಾಂಡೇಲ (ಕಾರವಾರ)
ಚಾಲಿಚೀಲ ಅವರೆ, ಆ ತಪ್ಪು ನಾನು ಮಾಡಿದ್ದೇನೆ, ಕೇಳಿ. ನಮ್ಮದು ಮೀನು ಹಿಡಿಯುವ ಪರ್ಸೀನ್ ಬೋಟು. ಖಲಾಸಿಗಳ ಪಾಲು, ಮುಂಗಡ, ಡೀಸೆಲ್, ಐಸು ಎಲ್ಲ ಅಂಥದೇ ಕಂಪ್ಯೂಟರ್ ಹಾಳೆಯಲ್ಲಿ ಬರೆಯುತ್ತಿದ್ದೆ. ಒಂದು ದಿನ ಹೆಸರು ಅಕಾರಾದಿಯಾಗಿ ಬರಲಿ ಅಂತ ಹೆಸರಿನ ಕಾಲಂ ಮಾತ್ರ ಆರಿಸಿ ಸಾರ್ಟ್ ಹೊಡೆದೆ. ಅದು ಏನೋ ಕೇಳಿತು, ನಾನು ಓದದೆ ಸರಿ ಅಂದೆ. ಹೆಸರು ಮಾತ್ರ ಅತ್ತಿತ್ತ ಆದವು, ದುಡ್ಡು ಇದ್ದಲ್ಲೇ ಇತ್ತು. ಸೇವ್ ಮಾಡಿ ಮನೆಗೆ ಹೋದೆ.

ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ. ಪಾಲು ಹಂಚುವ ದಿನ ನೋಡಿದರೆ ಐದು ಪೈಸೆ ಮುಂಗಡ ತಗೊಳ್ಳದವನ ಹೆಸರಲ್ಲಿ ಸಾಲ! ದಕ್ಕೆಯ ಮೇಲೆ ಆದ ಗಲಾಟೆ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಹಳೆ ಪುಸ್ತಕ ತೆಗೆದು ಎಲ್ಲ ಮತ್ತೆ ಬರೆದೆವು. ಹಾಳೆ ಹಾಳೆಯೇ. ಒಬ್ಬನ ಹೆಸರಿಗೂ ಅವನ ದುಡ್ಡಿಗೂ ಗಂಟು ಹಾಕುವ ಕೆಲಸ ಅದು ಮಾಡುವುದಿಲ್ಲ.

ಚಾಲಿಚೀಲ (ಸಿದ್ದಾಪುರ)
ಸರಿ, ಮಾತು ವಾಪಸ್ 😄

ಡಾಟ್‌ಪ್ರಾಂಪ್ಟ್ (ಕುಮಟಾ)
ನಾನು ನಿವೃತ್ತ ಗುಮಾಸ್ತ. ಕಂಪ್ಯೂಟರ್ ಅಂತ ಮೊದಲು ಕಂಡದ್ದೇ ಡಿಬೇಸ್ ತ್ರೀ ಪ್ಲಸ್ ಅನ್ನುವ ಹಳೆ ಡೇಟಾಬೇಸ್. ಕಪ್ಪು ಪರದೆ, ಒಂದು ಚುಕ್ಕೆ, ಅದರ ಮುಂದೆ ಮಿಣುಕುವ ಗೆರೆ. ಯೂಸ್ ಅಂತ ಬರೆದು ಫೈಲಿನ ಹೆಸರು, ಆಮೇಲೆ ಬ್ರೌಸ್. ಮುಗಿಯಿತು, ಟೇಬಲ್ ಎದುರಿಗೆ. ಪರದೆಯ ಹತ್ತನೇ ಸಾಲಿನಲ್ಲಿ ಇಪ್ಪತ್ತನೇ ಮನೆಯಲ್ಲಿ ಇಂಥದ್ದು ಬರೆ, ಅಲ್ಲಿ ಉತ್ತರ ತಗೋ ಅಂತ ಒಂದು ಸಾಲು ಬರೆದರೆ ಅದೇ ಫಾರ್ಮ್. ಮೂರು ತಿಂಗಳ ಕೋರ್ಸ್ ಮಾಡಿದವರೆಲ್ಲ ತಮ್ಮ ಆಫೀಸಿನ ಸಂಬಳದ ಪಟ್ಟಿ ತಾವೇ ಮಾಡಿಕೊಂಡರು. ಆಮೇಲೆ ಕ್ಲಿಪ್ಪರ್ ಬಂತು, ಫಾಕ್ಸ್‌ಪ್ರೊ ಬಂತು.

ಇವತ್ತು ಲಿನಕ್ಸ್‌ನಲ್ಲಿ ಏನಿಲ್ಲ ಹೇಳಿ? ಪೋಸ್ಟ್‌ಗ್ರೆಸ್ ಇದೆ, ಮಾರಿಯಾಡಿಬಿ ಇದೆ, ಎಸ್‌ಕ್ಯೂಲೈಟ್ ಅಂತೂ ಪ್ರತಿಯೊಬ್ಬರ ಫೋನಿನಲ್ಲೇ ಇದೆ. ಆನೆಯಂಥ ಡೇಟಾಬೇಸ್ ಎಂಜಿನ್ನುಗಳು. ಕೂತುಕೊಳ್ಳಲು ಅಂಬಾರಿ ಮಾತ್ರ ಯಾರೂ ಮಾಡಿಲ್ಲ. ಒಬ್ಬ ಗುಮಾಸ್ತ ಒಂದು ಸಂಜೆಯಲ್ಲಿ ಕಲಿಯುವಂಥದ್ದು ತೋರಿಸಿ ನೋಡೋಣ.

ಕರಿಇಷಾಡ (ಅಂಕೋಲಾ)
2026ರಲ್ಲಿ ಡೆಸ್ಕ್‌ಟಾಪ್ ಅಪ್ಲಿಕೇಶನ್ ಯಾಕೆ ಸರ್? ವೆಬ್‌ನಲ್ಲಿ ಮಾಡಿ. ವೆಬ್ ಪ್ರೋಗ್ರಾಮ್ ಕಟ್ಟುವ ಜಾಂಗೋ ಹಾಕಿದರೆ ಟೇಬಲ್ ಬರೆದ ಕೂಡಲೇ ಅಡ್ಮಿನ್ ಪರದೆ ತಾನೇ ಬರುತ್ತದೆ. ಇಲ್ಲದಿದ್ದರೆ ಫ್ರಾಪ್ಪೆ, ನಮ್ಮ ಮುಂಬೈಯವರದ್ದೇ, ಓಪನ್ ಸೋರ್ಸ್. ಬ್ರೌಸರಿನಲ್ಲೇ ಫಾರ್ಮ್ ಕಟ್ಟಬಹುದು. ಈಆರ್‌ಪಿನೆಕ್ಸ್ಟ್ ಅನ್ನುವ ವ್ಯಾಪಾರದ ಲೆಕ್ಕದ ಸಾಫ್ಟ್‌ವೇರ್ ನಿಂತಿರುವುದು ಅದರ ಮೇಲೆಯೇ.

ಘಟ್ಟದಂಚು (ಶಿರಸಿ)
ತಮಾ, ನಮ್ಮಲ್ಲಿ ಮಳೆ ಹಿಡಿದರೆ ನೆಟ್‌ವರ್ಕ್ ಮೂರು ದಿನ ನಾಪತ್ತೆ. ಅಡಿಕೆ ಚೀಲ ಹೊತ್ತು ಬಂದವರಿಗೆ ಸರ್ವರ್ ಡೌನ್ ಅಂತ ಹೇಳಲಿಕ್ಕೆ ಆಗುತ್ತಾ?

ಕರಿಇಷಾಡ (ಅಂಕೋಲಾ)
ಇಂಟರ್‌ನೆಟ್ ಬೇಡ! ಸರ್ವರ್ ನಿಮ್ಮ ಅದೇ ಮಿಂಟ್ ಕಂಪ್ಯೂಟರಿನಲ್ಲೇ ಇರುತ್ತದೆ. ಬ್ರೌಸರ್ ಬರೀ ಪರದೆ. ಹೊರಗಿನ ತಂತಿ ಕಿತ್ತು ಹಾಕಿದರೂ ನಡೆಯುತ್ತದೆ.

ಕಾಳಿದಂಡೆ (ಕಾರವಾರ)
ಕರಿಇಷಾಡ ಹೇಳಿದ್ದು ನಿಜ, ವೆಬ್ ಅಂದರೆ ಇಂಟರ್‌ನೆಟ್ ಅಂತಲ್ಲ. ಆದರೆ ಪ್ರಶ್ನೆ ಕೇಳಿದವರು ಪ್ರೋಗ್ರಾಮರ್ ಅಲ್ಲ ಅನ್ನೋದನ್ನು ನೀವು ದಾಟಿ ಹೋದಿರಿ. ಜಾಂಗೋಗೆ ಪೈಥಾನ್ ಬರೆಯಬೇಕು. ಫ್ರಾಪ್ಪೆ ಹಾಕಲು ಮಾರಿಯಾಡಿಬಿ, ರೆಡಿಸ್, ನೋಡ್ ಎಲ್ಲ ಕೂರಿಸಬೇಕು. ಹಾಕಿಕೊಟ್ಟವರು ಊರು ಬಿಟ್ಟರೆ ಮೊದಲ ಅಪ್‌ಡೇಟಿಗೇ ಕಥೆ ಮುಗಿಯಿತು. ಇದು ನನ್ನ ಹೊಟ್ಟೆಪಾಡು, ಅದಕ್ಕೇ ಹೇಳುತ್ತಿದ್ದೇನೆ.

ಈಗ ಇರುವುದನ್ನು ನೋಡೋಣ. ಆಕ್ಸೆಸ್‌ಗೆ ತೀರಾ ಹತ್ತಿರದ್ದು ಲಿಬ್ರೆಆಫೀಸ್ ಬೇಸ್. 2005ರಲ್ಲಿ ಓಪನ್‌ಆಫೀಸ್ 2.0 ಜೊತೆ ಬಂದದ್ದು. ಟೇಬಲ್, ಕ್ವೆರಿ, ಫಾರ್ಮ್, ರಿಪೋರ್ಟ್ ನಾಲ್ಕೂ ಒಂದೇ ಕಿಟಕಿಯಲ್ಲಿದೆ. ನೀವು ಹೇಳಿದ ಪರದೆ, ಮೇಲೆ ಸದಸ್ಯ ಕೆಳಗೆ ಸಾಲುಗಳು, ಅದರ ವಿಝಾರ್ಡ್‌ನಲ್ಲೇ ಬರುತ್ತದೆ. ಅದರಾಚೆ ಹೋದರೆ ಒದ್ದಾಟ. ಆಕ್ಸೆಸ್‌ನಲ್ಲಿ ಒಂದು ಗುಂಡಿಯಿಂದ ಇನ್ನೊಂದು ಫಾರ್ಮ್ ತೆರೆಯಲು ಒಂದು ಸಾಲು ಸಾಕು. ಬೇಸ್‌ನಲ್ಲಿ ಅದಕ್ಕೇ ಮ್ಯಾಕ್ರೊ ಬರೆಯಲು ಕೂತರೆ ಡಾಕ್ಯುಮೆಂಟ್ ಹಿಡಿ, ಅದರೊಳಗಿನ ಫಾರ್ಮ್ ಹಿಡಿ, ಅದರೊಳಗಿನ ಕಂಟ್ರೋಲ್ ಹಿಡಿ ಅಂತ ಮನೆ ಸುತ್ತ ಮೂರು ಸುತ್ತು.

ಪುಸ್ತಕದಕ್ಕ (ಹೊನ್ನಾವರ)
ಶಾಲೆಯ ಲೈಬ್ರರಿಗೆ ನಾನು ಬೇಸ್ ಬಳಸುತ್ತೇನೆ. ಎರಡು ಸಾವಿರ ಪುಸ್ತಕ. ಮಕ್ಕಳೇ ಎಂಟ್ರಿ ಮಾಡುತ್ತಾರೆ. ಚೆನ್ನಾಗಿಯೇ ಇದೆ ಮಾರಾಯ್ರೆ, ಅಷ್ಟೊಂದು ಬಯ್ಯಬೇಡಿ.

ಕಾಳಿದಂಡೆ (ಕಾರವಾರ)
ಬಯ್ಯಲಿಲ್ಲ ಅಕ್ಕ. ಒಂದು ಪ್ರಶ್ನೆ: ಡೇಟಾ ಅದೇ ಓಡಿಬಿ ಫೈಲಿನ ಒಳಗಿದೆಯಾ?

ಪುಸ್ತಕದಕ್ಕ (ಹೊನ್ನಾವರ)
ಹೌದು. ಯಾಕೆ, ಹೆದರಿಸುತ್ತೀರಾ?

ಕಾಳಿದಂಡೆ (ಕಾರವಾರ)
ಸ್ವಲ್ಪ ಹೆದರಬೇಕು. ಓಡಿಬಿ ಅಂದರೆ ಒಂದು ಜಿಪ್ ಫೈಲ್. ಒಳಗೆ ಜಾವಾದಲ್ಲಿ ಬರೆದ ಎಚ್‌ಎಸ್‌ಕ್ಯೂಎಲ್‌ಡಿಬಿ ಅನ್ನುವ ಸಣ್ಣ ಡೇಟಾಬೇಸ್ ಕೂತಿದೆ. ಫೈಲ್ ತೆರೆದಾಗ ಅದನ್ನು ಬಿಚ್ಚಿಕೊಳ್ಳುತ್ತದೆ, ಸೇವ್ ಮಾಡಿದಾಗ ಅಥವಾ ಮುಚ್ಚಿದಾಗ ಮತ್ತೆ ಜಿಪ್ಪಿಗೆ ತುಂಬುತ್ತದೆ. ಫಾರ್ಮ್‌ನಲ್ಲಿ ಎಂಟರ್ ಹೊಡೆದು ಮುಂದಿನ ಸಾಲಿಗೆ ಹೋದಾಗ ದಾಖಲೆ ಸೇರಿತು ಅಂತ ನಮಗೆ ಕಾಣುತ್ತದೆ. ಡಿಸ್ಕಿನ ಮೇಲಿನ ಆ ಫೈಲಿನೊಳಗೆ ಅದಿನ್ನೂ ಹೋಗಿರುವುದಿಲ್ಲ. ಅಷ್ಟರಲ್ಲಿ ಕರೆಂಟು ಹೋದರೆ? ಜೂನ್ ತಿಂಗಳ ಉತ್ತರ ಕನ್ನಡದಲ್ಲಿ ಈ ಪ್ರಶ್ನೆಗೆ ಉತ್ತರ ಬೇಕಾಗಿಲ್ಲ. ಎಂಟ್ರಿ ಹೋಗಬಹುದು, ಫೈಲೇ ಕೆಡಲೂಬಹುದು.

ಆದ್ದರಿಂದ ಡೇಟಾವನ್ನು ಹೊರಗಿಡಿ. ಮಾರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಅದೇ ಕಂಪ್ಯೂಟರಿನಲ್ಲಿ ಹಾಕಿ, ಬೇಸ್ ಅನ್ನು ಬರೀ ಪರದೆಯಾಗಿ ಇಟ್ಟುಕೊಳ್ಳಿ. ಎರಡಕ್ಕೂ ಸೀದಾ ಸಂಪರ್ಕ ಬೇಸ್‌ನಲ್ಲೇ ಇದೆ.

ಪುಸ್ತಕದಕ್ಕ (ಹೊನ್ನಾವರ)
ಅಯ್ಯೋ. ನಾಳೆ ಹೋಗಿ ಮೊದಲು ಕಾಪಿ ತೆಗೆಯುತ್ತೇನೆ. ಇವತ್ತೇ ಎರಡು ಸಲ ಕರೆಂಟು ಹೋಗಿದೆ ಇಲ್ಲಿ.

ಡಾಟ್‌ಪ್ರಾಂಪ್ಟ್ (ಕುಮಟಾ)
ನೋಡಿ, ಇದನ್ನೇ ನಾನು ಹೇಳಿದ್ದು. ಇರುವ ಒಂದು ಸುಲಭದ ಸಾಧನಕ್ಕೂ ಅದರ ಕೆಳಗೆ ಸರ್ವರ್ ಹಾಕಿ ಅಂತ ಅಡಿಟಿಪ್ಪಣಿ. ಆ ಟೀಚರಮ್ಮ ಮಾರಿಯಾಡಿಬಿಗೆ ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಪರ್ಮಿಶನ್ ಬರೆಯುತ್ತಾ ಕೂರಬೇಕಾ?

ಲಿಬ್ರೆಆಫೀಸಿನವರು ಬೇಸ್ ಒಳಗಿನ ಆ ಡೇಟಾಬೇಸ್ ಬದಲಿಸಿ ಫೈರ್‌ಬರ್ಡ್ ಹಾಕುತ್ತೇವೆ ಅಂತ ಶುರುವಾಗಿ ಹತ್ತು ವರ್ಷ ದಾಟಿತು.

ಕರಿಇಷಾಡ (ಅಂಕೋಲಾ)
ಕೆಕ್ಸಿ ಯಾರೂ ಹೇಳಲಿಲ್ಲ? ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರದ್ದು. ಎಸ್‌ಕ್ಯೂಲೈಟ್ ಒಳಗೇ ಇದೆ, ಸರ್ವರ್ ಬೇಡ, ನೋಡಲಿಕ್ಕೂ ಆಕ್ಸೆಸ್ ತರಹವೇ.

ಕಾಳಿದಂಡೆ (ಕಾರವಾರ)
ಕೆಕ್ಸಿ ಒಳ್ಳೆಯ ಸಾಧನ. ನನಗೆ ಬೇಸ್‌ಗಿಂತ ಅದರ ರೀತಿಯೇ ಇಷ್ಟ. ಆದರೆ ಅದರ 3.2 ಆವೃತ್ತಿ ಬಂದು ವರ್ಷಗಳೇ ಆದವು, 2019ರಲ್ಲಿ. ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಕಡೆ ಗ್ಲಾಮ್ ಅಂತ ಒಂದಿತ್ತು, ಪೋಸ್ಟ್‌ಗ್ರೆಸ್ ಮೇಲೆ ಕೂರುತ್ತಿತ್ತು, ಅದೂ ನಿಂತು ಹೋಯಿತು. ಇವೆಲ್ಲ ಒಬ್ಬರೋ ಇಬ್ಬರೋ ರಾತ್ರಿ ಕೂತು ಬರೆದ ಕೆಲಸಗಳು. ಅವರಿಗೆ ಸಾಕಾದರೆ ಮುಗಿಯಿತು.

ಯಾಕೆ ಹೀಗೆ ಅಂದರೆ, ಡೇಟಾಬೇಸ್ ಎಂಜಿನ್‌ಗೆ ದುಡ್ಡು ಹಾಕುವ ಕಂಪನಿಗಳಿವೆ, ಅದು ಇಲ್ಲದಿದ್ದರೆ ಅವರ ವ್ಯಾಪಾರ ನಿಲ್ಲುತ್ತದೆ. ಅಡಿಕೆ ಸಂಘದ ಗುಮಾಸ್ತನ ಫಾರ್ಮ್‌ಗೆ ಯಾರು ದುಡ್ಡು ಹಾಕುತ್ತಾರೆ? ಬರೆಯಬಲ್ಲವರಿಗೆ ಅದು ಬೇಕಾಗಿಲ್ಲ, ಅವರು ಟರ್ಮಿನಲ್‌ನಲ್ಲೇ ಎಸ್‌ಕ್ಯೂಎಲ್ ಹೊಡೆಯುತ್ತಾರೆ. ಬೇಕಾದವರಿಗೆ ಬರೆಯಲು ಬರುವುದಿಲ್ಲ. ಆಕ್ಸೆಸ್ ಬೆಳೆದದ್ದು ಆಫೀಸ್ ಪೆಟ್ಟಿಗೆಯ ಜೊತೆ ಮಾರಾಟವಾಗಿ.

ಚಾಲಿಚೀಲ (ಸಿದ್ದಾಪುರ)
ದುಡ್ಡು ಕೊಟ್ಟು ತಗೊಂಡರೆ ಈ ಪೀಡೆ ಇಲ್ಲ ಅಂತಾಯ್ತು.

ಡಾಟ್‌ಪ್ರಾಂಪ್ಟ್ (ಕುಮಟಾ)
ಹಾಗೇನಿಲ್ಲ. ಫಾಕ್ಸ್‌ಪ್ರೊವನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2007ರಲ್ಲಿ ಇನ್ನು ಹೊಸ ಆವೃತ್ತಿ ಇಲ್ಲ ಎಂದಿತು. 2015ಕ್ಕೆ ಬೆಂಬಲವೂ ಪೂರ್ತಿ ಮುಗಿಯಿತು. ದುಡ್ಡು ಕೊಟ್ಟವರೂ ದಾರಿಯಲ್ಲೇ ನಿಂತರು. ತಮಾಷೆ ಏನಂದರೆ ನನ್ನ ಹಳೆ ಕ್ಲಿಪ್ಪರ್ ಪ್ರೋಗ್ರಾಮ್ ಇವತ್ತಿಗೂ ನಡೆಯುತ್ತಿದೆ, ಅದೂ ಲಿನಕ್ಸ್ ಮೇಲೆ. ಹಾರ್ಬರ್ ಅಂತ ಓಪನ್ ಸೋರ್ಸ್ ಕಂಪೈಲರ್ ಇದೆ, ಅದಕ್ಕೆ ಕ್ಲಿಪ್ಪರ್ ಭಾಷೆ ಅರ್ಥವಾಗುತ್ತದೆ. ಹಳೆ ಡೇಟಾ ಇರುವ ಡಿಬಿಎಫ್ ಫೈಲೂ ಹಾಗೇ ಓದುತ್ತದೆ.

ತಾಂಡೇಲ (ಕಾರವಾರ)
ಹಾರ್ಬರ್ ಅಂದ ಕೂಡಲೇ ಬೈತಖೋಲ್ ಬಂದರು ಅಂದುಕೊಂಡೆ 😂

ಕರಿಇಷಾಡ (ಅಂಕೋಲಾ)
ಹಾಗಾದರೆ ಇದೂ ಕೇಳಿ. ಗಂಬಾಸ್ ಅಂತ ಒಂದಿದೆ, ಹಳೆಯ ವಿಷುವಲ್ ಬೇಸಿಕ್ ತರಹದ ಪ್ರೋಗ್ರಾಮ್ ಭಾಷೆ, ಲಿನಕ್ಸ್‌ಗೆಂದೇ ಮಾಡಿದ್ದು. ಬರೆದವರು ಫ್ರಾನ್ಸಿನ ಬೆನ್ವಾ ಮಿನಿಸಿನಿ. ಸ್ಪ್ಯಾನಿಶ್‌ನಲ್ಲಿ ಗಂಬಾಸ್ ಅಂದರೆ ಸಿಗಡಿ. ಅದರ ಗುರುತೂ ಸಿಗಡಿಯೇ.

ತಾಂಡೇಲ (ಕಾರವಾರ)
ಸಿಗಡಿ ಸಾಫ್ಟ್‌ವೇರ್! ಇದನ್ನು ಮೊದಲೇ ಹೇಳಬಾರದಾ. ಜೂನ್ ಒಂದರಿಂದ ಜುಲೈ ಕೊನೆಯ ತನಕ ಮೀನುಗಾರಿಕೆ ಬಂದ್. ಬೋಟು ದಡದಲ್ಲಿದೆ, ಬಲೆ ರಿಪೇರಿ ಬಿಟ್ಟರೆ ಕೆಲಸ ಇಲ್ಲ. ಈ ಎರಡು ತಿಂಗಳಲ್ಲಿ ಇದೊಂದು ಸಿಗಡಿಯನ್ನಾದರೂ ಹಿಡಿಯೋಣ.

ಪುಸ್ತಕದಕ್ಕ (ಹೊನ್ನಾವರ)
ಸಿಗಡಿ ಅಂದಿರಿ, ಈಗ ಮನೆಯಲ್ಲಿ ಒಣ ಸಿಗಡಿ ಚಟ್ನಿಯೇ ಗತಿ. ಹಸಿ ಮೀನಿನ ರೇಟು ಕೇಳುವ ಹಾಗೇ ಇಲ್ಲ.

ಘಟ್ಟದಂಚು (ಶಿರಸಿ)
ನಮ್ಮ ಕಡೆ ಈ ಮಾತು ಬೇಡ, ಅಪ್ಪೆಹುಳಿ ಕುಡಿದು ಸುಮ್ಮನಿದ್ದೇವೆ 😄 ವಿಷಯಕ್ಕೆ ಬನ್ನಿ. ಹಳೆ ಆಕ್ಸೆಸ್ ಫೈಲಿನಿಂದ, ಅಂದರೆ ಎಂಡಿಬಿ ಫೈಲಿನಿಂದ, ಡೇಟಾ ಹೊರಗೆ ತೆಗೆಯುವುದು ಹೇಗೆ?

ಕಾಳಿದಂಡೆ (ಕಾರವಾರ)
ಎಂಡಿಬಿಟೂಲ್ಸ್ ಅಂತ ಪ್ಯಾಕೇಜ್ ಇದೆ. ಟೇಬಲ್‌ಗಳ ರಚನೆ ಒಂದು ಆಜ್ಞೆಯಲ್ಲಿ ಬರುತ್ತದೆ, ಒಳಗಿನ ದಾಖಲೆ ಇನ್ನೊಂದರಲ್ಲಿ. ಫಾರ್ಮ್, ರಿಪೋರ್ಟ್, ಗುಂಡಿಯ ಹಿಂದೆ ಬರೆದದ್ದು ಯಾವುದೂ ಬರುವುದಿಲ್ಲ. ಅವನ್ನು ಹೊಸದಾಗಿ ಕಟ್ಟಬೇಕು. ಹಳೆ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ಉಪಕಾರವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಎಸ್‌ಕ್ಯೂಲೈಟ್‌ಗೆ ಹೋಗುವುದಾದರೆ ಅಲ್ಲಿ ಆಕ್ಸೆಸ್‌ನ ಕರೆನ್ಸಿ ತರಹದ ಪ್ರಕಾರ ಇಲ್ಲ. ದಶಮಾಂಶದ ದುಡ್ಡು ಹಾಕಿದರೆ ಫ್ಲೋಟ್, ಅಂದರೆ ಅಂದಾಜು ಸಂಖ್ಯೆ, ಆಗಿ ಕೂರುತ್ತದೆ, ಕೂಡಿಸುತ್ತಾ ಹೋದರೆ ಎಲ್ಲೋ ಒಂದು ಪೈಸೆ ತಪ್ಪುತ್ತದೆ. ಪೈಸೆಯಲ್ಲೇ ಪೂರ್ಣಾಂಕವಾಗಿ ಇಡಿ, ತೂಕವನ್ನು ಗ್ರಾಂನಲ್ಲಿ. ಮಾರಿಯಾಡಿಬಿಯಲ್ಲಿ ಡೆಸಿಮಲ್ ಇದೆ, ಆ ಚಿಂತೆ ಇಲ್ಲ.

ಘಟ್ಟದಂಚು (ಶಿರಸಿ)
ತೆಗೆದೆ. ಟೇಬಲ್ ಬಂತು. ಹೆಸರಿನ ಜಾಗದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ಸೊನ್ನೆ, ಮೇಲೆ ಕೊಂಬಿರುವ ಎ, ಎಂಥದೋ ಚಿಹ್ನೆ. ಕೆಟ್ಟು ಹೋಯಿತಾ?

ಡಾಟ್‌ಪ್ರಾಂಪ್ಟ್ (ಕುಮಟಾ)
ಕೆಟ್ಟಿಲ್ಲ. ಅದು ನುಡಿ ಆಸ್ಕಿ. ಆಗ ಎಲ್ಲರೂ ಹಾಗೇ ಹೊಡೆಯುತ್ತಿದ್ದುದು. ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ಫಾಂಟ್ ಹೊದಿಸಿದ್ದು. ಫಾಂಟ್ ತೆಗೆದರೆ ಬಟ್ಟೆ ಕಳಚಿದ ಹಾಗೆ. ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ.

ಒಂದು ಕಡೆ ಕಣ್ಣಿಡಿ, ಅರ್ಕಾವತ್ತು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು. ಜೊತೆಗೆ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ಹೊಡೆಯುವವರೂ ಇದ್ದರು. ನಮ್ಮಲ್ಲಿ ಕರ್ಕಿ ಊರಿನವರೆಲ್ಲ ಪರಿವರ್ತನೆಯ ನಂತರ "ಕಕಿ೯" ಊರಿನವರಾಗಿದ್ದರು. ಹುಡುಕಿದರೆ ಒಬ್ಬರೂ ಸಿಗಲಿಲ್ಲ.

ಪುಸ್ತಕದಕ್ಕ (ಹೊನ್ನಾವರ)
ಕರ್ಕಿ ನಮ್ಮ ಪಕ್ಕದ ಊರು! ಪಾಪ, ಇಡೀ ಊರನ್ನೇ ಒಂಬತ್ತು ಮಾಡಿದಿರಾ.

ಘಟ್ಟದಂಚು (ಶಿರಸಿ)
ನಮ್ಮಲ್ಲಿ ಇನ್ನೊಂದು ತಮಾಷೆ. ಹೆಗಡೆ, ಹೆಗ್ಡೆ ಅಂತ ಒಬ್ಬರಿಗೇ ಎರಡು ಖಾತೆ. ಒಂದರಲ್ಲಿ ಜಮಾ, ಇನ್ನೊಂದರಲ್ಲಿ ಬಾಕಿ. ಇಪ್ಪತ್ತು ವರ್ಷ ಯಾರೂ ನೋಡಿಲ್ಲ.

ಚಾಲಿಚೀಲ (ಸಿದ್ದಾಪುರ)
ಬಾಕಿ ಇರುವ ಹೆಗ್ಡೇರು ನಾನಲ್ಲ ಅಂತ ಹೇಳಿ ಬಿಡುತ್ತೇನೆ, ಈಗಲೇ.

ಕರಿಇಷಾಡ (ಅಂಕೋಲಾ)
ಘಟ್ಟದಂಚು ಸರ್, ನಾನು ಲಾಜರಸ್‌ನಲ್ಲಿ ಒಂದು ಮಾಡಿಕೊಡಲಾ? ಡೆಲ್ಫಿ ತರಹದ ಪ್ರೋಗ್ರಾಮ್ ಕಟ್ಟುವ ಸಾಧನ, ಭಾಷೆ ಫ್ರೀ ಪಾಸ್ಕಲ್. ಗ್ರಿಡ್ ಎಳೆದು ಫಾರ್ಮ್ ಮೇಲೆ ಇಟ್ಟು ಟೇಬಲ್‌ಗೆ ಕಟ್ಟಿದರೆ ಆಯಿತು. ಕೊನೆಗೆ ಒಂದೇ ಫೈಲ್, ಕ್ಲಿಕ್ ಮಾಡಿದರೆ ಏಳುತ್ತದೆ. ನಾನು ವೆಬ್ ಹುಡುಗ ನಿಜ, ಆದರೆ ನಿನ್ನೆ ರಾತ್ರಿ ಸುಮ್ನೆ ಹಾಕಿ ನೋಡಿದೆ. ಇಷ್ಟು ಬೇಗ ಆಗುತ್ತದೆ ಅಂತ ಗೊತ್ತಿರಲಿಲ್ಲ.

ಘಟ್ಟದಂಚು (ಶಿರಸಿ)
ನಿನ್ನ ಮನಸ್ಸು ದೊಡ್ಡದು ತಮಾ. ಆದರೆ ಮೊದಲಿನವನೂ ಹೀಗೇ ಪ್ರೀತಿಯಿಂದ ಮಾಡಿಕೊಟ್ಟು ಬೆಂಗಳೂರಿಗೆ ಹೋದ. ಅವನದ್ದು ಆಕ್ಸೆಸ್ ಆದ ಕಾರಣ ಅಲ್ಲಿ ಇಲ್ಲಿ ಒತ್ತಿ ಹೊಸ ಕಾಲಂ ನಾನೇ ಸೇರಿಸಿಕೊಂಡೆ. ತಟ್ಟಿಬೆಟ್ಟೆ ಸೇರಿಸಿದ್ದು ನಾನೇ! ನಿನ್ನದು ಕಂಪೈಲ್ ಆದ ಫೈಲ್ ಅಂದರೆ ನಾಳೆ ಕೋಕಾ ಅನ್ನುವ ಅಡಿಕೆ ಬಗೆ ಸೇರಿಸಲು ನಿನ್ನನ್ನೇ ಹುಡುಕಬೇಕು. ಬೇಸ್ ಕಷ್ಟವೇ ಇರಲಿ, ಕೈ ನನ್ನದಿರಲಿ.

ಕರಿಇಷಾಡ (ಅಂಕೋಲಾ)
ಅದು ಹೌದು. ಅಂಕೋಲೆಯಲ್ಲೇ ಇರುತ್ತೇನೆ ಅಂತ ನಾನೂ ಮಾತು ಕೊಡಲಾರೆ.

ಹಾಗಾದರೆ ಮಾರಿಯಾಡಿಬಿ ನಾನು ಕೂರಿಸಿಕೊಡುತ್ತೇನೆ. ರಾತ್ರಿ ಎಂಟಕ್ಕೆ ತಾನೇ ಪೆನ್‌ಡ್ರೈವಿಗೆ ಬ್ಯಾಕಪ್ ಹೋಗುವ ಹಾಗೆ ಒಂದು ಸ್ಕ್ರಿಪ್ಟ್ ಕೂಡ. ಫಾರ್ಮ್ ನೀವು ಮಾಡಿ.

ಡಾಟ್‌ಪ್ರಾಂಪ್ಟ್ (ಕುಮಟಾ)
ಭೇಷ್. ಎಂಟಕ್ಕೆ ಬೇಡ, ಆಗ ಅಲ್ಲಿ ಕರೆಂಟು ಇರುವುದಿಲ್ಲ. ಬಾಗಿಲು ಹಾಕುವ ಮುಂಚೆ ಐದಕ್ಕೆ ಇಡು.

ಘಟ್ಟದಂಚು (ಶಿರಸಿ)
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕರಿಇಷಾಡ ಶನಿವಾರ ದೇವಿಮನೆ ಘಟ್ಟ ಹತ್ತಿ ಬಂದಿದ್ದ, ಸಂಜೆಯೊಳಗೆ ಮಾರಿಯಾಡಿಬಿ ಕೂರಿಸಿದ. ಅವನಿಗೆ ತೊಡೆದೇವು ಕಟ್ಟಿ ಕೊಟ್ಟಿದ್ದೇವೆ. ಫಾರ್ಮ್ ನಾನೇ ಮಾಡಿದೆ, ಹನ್ನೊಂದು ಸಲ ಅಳಿಸಿ. ಸದಸ್ಯರ ನಂಬರ್ ಹೊಡೆದರೆ ಕೆಳಗಿನ ಸಾಲು ಬಾರದೆ ಎರಡು ದಿನ ಹೋಯಿತು. ಮೇಲಿನ ಫಾರ್ಮ್‌ಗೂ ಕೆಳಗಿನದ್ದಕ್ಕೂ ಕೊಂಡಿಯಾಗುವ ಕಾಲಂ ನಾನು ತಿರುಗಾಮುರುಗಾ ಕೊಟ್ಟಿದ್ದೆ. ಹಳೆ ಬಾಕಿ ಇನ್ನೂ ಬೇರೆ ಕಿಟಕಿಯಲ್ಲಿ ನೋಡಬೇಕು, ಅದು ಆಕ್ಸೆಸ್‌ನ ಸುಖ ಅಲ್ಲ.

ಪ್ರಿಂಟ್ ಒಂದು ಕಿರಿಕಿರಿ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಚೀಟಿ ನಿಧಾನ, ಗರಗಸದ ಸದ್ದು. ಇಂಗ್ಲಿಷ್ ಆದರೆ ಅಕ್ಷರ ಸೀದಾ ಕಳಿಸಿ ಸರಸರ ಹೊಡೆಸಬಹುದು. ಕನ್ನಡ ನಮ್ಮ ಪ್ರಿಂಟರಿಗೆ ಗೊತ್ತಿಲ್ಲ, ಚಿತ್ರವಾಗಿಯೇ ಹೋಗಬೇಕು. ಆದರೂ ಚೀಟಿ ಕನ್ನಡದಲ್ಲೇ ಇರಲಿ ಅಂತ ಕಮಿಟಿ ಹೇಳಿತು. ಆಗಸ್ಟ್ ಮುಗಿಯುವ ತನಕ ಹಳೆ ಕೀರ್ದಿ ಪುಸ್ತಕವನ್ನೂ ಜೊತೆಗೆ ಬರೆಯುತ್ತೇವೆ. ಸೆಪ್ಟೆಂಬರಿನಲ್ಲಿ ಸಾಮಾನ್ಯ ಸಭೆ, ಎರಡೂ ತಾಳೆಯಾಗಬೇಕು.

ಹೆಗಡೆ ಮತ್ತು ಹೆಗ್ಡೆ ಒಂದಾದರು. ಜಮಾ ಜಾಸ್ತಿ ಇತ್ತು, ಬಚಾವ್.

ಪುಸ್ತಕದಕ್ಕ (ಹೊನ್ನಾವರ)
ನನ್ನದಿನ್ನೂ ಓಡಿಬಿ ಒಳಗೇ ಇದೆ. ಆದರೆ ಗಂಟೆಗೊಮ್ಮೆ ಸೇವ್ ಮಾಡಲು ಏಳನೇ ತರಗತಿಯ ಇಬ್ಬರನ್ನು ನೇಮಿಸಿದ್ದೇನೆ. ಬೆಲ್ ಹೊಡೆದ ಕೂಡಲೇ ಓಡುತ್ತಾರೆ.

ತಾಂಡೇಲ (ಕಾರವಾರ)
ಘಟ್ಟದಂಚು ಅವರೆ, ಡೇಟಾ ಇಲ್ಲದ ಖಾಲಿ ಫಾರ್ಮ್ ಫೈಲ್ ಕಳಿಸುತ್ತೀರಾ? ಸಿಗಡಿ ನನ್ನ ಬಲೆಗೆ ಬೀಳಲಿಲ್ಲ. ನಿಮ್ಮದರಲ್ಲಿ ಸದಸ್ಯ ಇದ್ದಲ್ಲಿ ಖಲಾಸಿ, ರಾಶಿ ಚಾಲಿ ಇದ್ದಲ್ಲಿ ಬಂಗಡೆ ತಾರ್ಲೆ ಅಂತ ಬದಲಿಸಿಕೊಳ್ಳುತ್ತೇನೆ. ಆಗಸ್ಟ್ ಒಂದಕ್ಕೆ ಬೋಟು ನೀರಿಗಿಳಿಯುತ್ತದೆ.

ಘಟ್ಟದಂಚು (ಶಿರಸಿ)
ಕಳಿಸಿದೆ. ಚೀಲ ಅಂತ ಇರುವಲ್ಲಿ ಬುಟ್ಟಿ ಮಾಡಲು ಮರೆಯಬೇಡಿ.